ತಲೆಬಾಗಿದವಳಿಗೆ ಒಂದು ಊಟ

ನಮ್ಮ ಊರಿಗೆ ಪ್ರಧಾನಿಗಳು ಬರುವುದು ಕುರ್ಚಿ ಬಿಟ್ಟ ಮೇಲೆ. ಕುರ್ಚಿಯಲ್ಲಿದ್ದಾಗ ಯಾರೂ ಈ ದಿಕ್ಕಿಗೆ ತಲೆ ಹಾಕಿಯೂ ಮಲಗಿದವರಲ್ಲ. ಇಳಿದ ಮೇಲೆ ಮಾತ್ರ ಒಂದು ವರ್ಷ ಇಲ್ಲಿ ಯಾರದಾದರೂ ಮನೆಯ ಕೋಣೆಯಲ್ಲಿ ಇರಲೇಬೇಕು. ಊರಿನ ಪ್ರತಿಯೊಬ್ಬರಿಗೂ ಅವರನ್ನು ಒಂದು ಪ್ರಶ್ನೆ ಕೇಳುವ ಹಕ್ಕಿದೆ. ಆದರೆ ಕೇಳುವ ಮುಂಚೆ ಅವರನ್ನು ಮನೆಗೆ ಕರೆದು ಹೊಟ್ಟೆ ತುಂಬ ಉಣ್ಣಿಸಬೇಕು. ಹಸಿದವರನ್ನು ಕೇಳುವಂತಿಲ್ಲ, ಉಂಡವರು ಉತ್ತರ ಕೊಡದೆ ಏಳುವಂತಿಲ್ಲ. ಹಾಗಾಗಿ ನಮ್ಮಲ್ಲಿ ಯಾರಿಗಾದರೂ ಸರ್ಕಾರದ ಮೇಲೆ ಸಿಟ್ಟು ಬಂದರೆ ಮೊದಲು ಅಕ್ಕಿ ಬೇಳೆ ಎಷ್ಟಿದೆ ಅಂತ ಡಬ್ಬ ತೆಗೆದು ನೋಡುತ್ತಾರೆ.

ಆ ವರ್ಷ ಚೀಟಿ ಎತ್ತಿದಾಗ ನಮ್ಮ ಮನೆ ಬಂತು. ನಮ್ಮದು ಹಿಟ್ಟಿನ ಗಿರಣಿ. ಕೆಳಗೆ ಗಿರಣಿ, ಅದರ ಹಿಂದೆ ನಾವು, ಮೇಲೆ ಒಂದು ಕೋಣೆ. ಚೀಟಿಯ ಸುದ್ದಿ ತಂದ ನಿಂಗೋಜಿ ತಾತ ಇನ್ನೂ ಬಾಗಿಲಲ್ಲಿ ನಿಂತಿದ್ದಾಗಲೇ ನನ್ನ ಗಂಡ ಭರಮಪ್ಪ ಹೇಳಿದರು: "ಬೇರೆ ಯಾರಾದರೂ ಆಗಿದ್ದರೆ ಪರವಾಗಿಲ್ಲ. ಅವಳು ಬೇಡ."

"ಬೇಡ ಅನ್ನೋಕೆ ಇದೇನು ಸಂಬಂಧ ನೋಡೋದಾ?" ಅಂದ ತಾತ. "ಚೀಟಿ ಬಂತು, ಮುಗೀತು."

ಅವಳು ಅಂದರೆ ಚಂಪಾವತಿ. ಆಕೆ ಪ್ರಧಾನಿಯಾಗಿದ್ದಾಗ ಬಡಗಣ ದೇಶದವರು ನಮ್ಮದೊಂದು ಸರಕು ಹಡಗನ್ನು ಹಿಡಿದರು. ಗಡಿ ದಾಟಿ ಬಂದಿದ್ದೀರಿ, ಬೇಹುಗಾರಿಕೆ ಮಾಡಿದ್ದೀರಿ ಅಂತ ಅವರ ಆರೋಪ. ದಾಟಿರಲಿಲ್ಲ ಅಂತ ನಮ್ಮವರ ವಾದ. ಹಡಗಿನಲ್ಲಿದ್ದವರನ್ನೆಲ್ಲ ಗಲ್ಲಿಗೆ ಹಾಕುತ್ತೇವೆ, ಇಲ್ಲವಾದರೆ ನಿಮ್ಮ ಪ್ರಧಾನಿ ನಮ್ಮ ಅರಮನೆಗೆ ಬಂದು ಮಂಡಿಯೂರಿ ಮೂರು ಸಲ ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಲಿ ಅಂದರು. ಚಂಪಾವತಿ ಹೋದಳು. ಹಣೆ ಹಚ್ಚಿದಳು. ಕೆಂಪು ಜಮಖಾನದ ಮೇಲೆ ಬಗ್ಗಿದ ಆಕೆಯ ಫೋಟೋ ಪ್ರಪಂಚದ ಎಲ್ಲ ಪತ್ರಿಕೆಗಳಲ್ಲೂ ಬಂತು. ಹಡಗಿನವರು ಜೀವಸಹಿತ ಮನೆಗೆ ಬಂದರು. ಅದಾದ ಮೇಲಿನ ಚುನಾವಣೆಯಲ್ಲಿ ಆಕೆ ಹೇಗೋ ಗೆದ್ದಳು, ಮುಂದಿನದರಲ್ಲಿ ಹೀನಾಯವಾಗಿ ಸೋತಳು. ಆಕೆ ಮಾಡಿದ ರಸ್ತೆಗಳು, ಶಾಲೆಗಳು ಯಾವುದೂ ಯಾರ ನೆನಪಿನಲ್ಲೂ ಇರಲಿಲ್ಲ. ಫೋಟೋ ಮಾತ್ರ ಇತ್ತು.

ನನ್ನ ಗಂಡ ಆಗ ದೂರದ ಹಡಗೊಂದರಲ್ಲಿ ಅಡುಗೆ ಕೆಲಸದಲ್ಲಿದ್ದರು. ಹದಿನೆಂಟನೇ ವಯಸ್ಸಿನಿಂದ ಸಮುದ್ರದ ಮೇಲೆಯೇ ಇದ್ದವರು, ಆ ವರ್ಷ ಅರ್ಧ ಪ್ರಯಾಣದಲ್ಲೇ ಇಳಿದು ಮನೆಗೆ ಬಂದುಬಿಟ್ಟರು. ಯಾಕೆ ಅಂದರೆ, "ಹೊರಗೆ ನಮ್ಮ ದೇಶಕ್ಕೆ ಮರ್ಯಾದೆ ಇಲ್ಲ" ಅನ್ನುವುದಷ್ಟೇ ಉತ್ತರ. ಗಿರಣಿಗೆ ನನ್ನ ಜೊತೆ ನಿಂತರು, ಆದರೆ ಒಲೆ ಮುಟ್ಟಲಿಲ್ಲ. ಅವರ ಕೈಯಡುಗೆ ಉಂಡವರು ಈಗಲೂ ಅದರ ಮಾತು ತೆಗೆಯುತ್ತಾರೆ, ಅಂಥ ಕೈ. ಆ ಕೈ ಸುಮ್ಮನೆ ಹಿಟ್ಟಿನ ಚೀಲಕ್ಕೆ ಹುರಿ ಕಟ್ಟುತ್ತಿತ್ತು. ರೇಡಿಯೋದಲ್ಲಿ ಹೊರದೇಶದ ವಾರ್ತೆ ಹಚ್ಚಿ ಕೂರುತ್ತಿದ್ದರು. ನಮ್ಮ ದೇಶದ ಹೆಸರು ಬಂದರೆ ಅವರಿಗೆ ಸಿಟ್ಟು, ಬರದಿದ್ದರೆ ಇನ್ನೂ ಸಿಟ್ಟು.

ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಪಕ್ಕದ ಮನೆ ಮೆಹಬೂಬಿಯದು. ಗಂಡ ಇಲ್ಲದ ಹೆಂಗಸು, ಒಬ್ಬನೇ ಮಗ ಇಸಾಕ. ರಜೆಗೆ ಬಂದಾಗ ಅವನ ಕೈಗೆ ಮೊದಲ ಚಾಕು ಕೊಟ್ಟು ಈರುಳ್ಳಿ ಹೆಚ್ಚುವುದು ಕಲಿಸಿದ್ದು ನನ್ನ ಗಂಡ. ಬೆಳೆದ ಮೇಲೆ ಹಡಗಿನ ಅಡುಗೆಮನೆಗೆ ಸೇರಿಸಿದ್ದೂ ಅವರೇ. ಬಡಗಣದವರು ಹಿಡಿದ ಹಡಗಿನಲ್ಲಿ ಇಸಾಕ ಇದ್ದ. ಅವನು ಬಿಡುಗಡೆಯಾಗಿ ಬಂದ ದಿನ ಊರೆಲ್ಲ ಅವರ ಮನೆಗೆ ಹೋಯಿತು, ನಾನೂ ಹೋದೆ. ನನ್ನ ಗಂಡ ಊರಿಗೆ ಬಂದ ಮೇಲೆ ಒಂದು ದಿನವೂ ಆ ಹೊಸ್ತಿಲು ತುಳಿಯಲಿಲ್ಲ. ದಾರಿಯಲ್ಲಿ ಇಸಾಕ ಎದುರಾಗಿ "ಕಾಕಾ" ಅಂದರೆ ಕಿವಿ ಕೇಳದವರ ಹಾಗೆ ಮುಂದೆ ಹೋಗುತ್ತಿದ್ದರು. ಕ್ರಮೇಣ ಇಸಾಕ ಹಗಲು ಹೊತ್ತು ಹೊರಗೆ ಬರುವುದನ್ನೇ ಬಿಟ್ಟ. ನಿನ್ನ ಒಂದು ತಲೆ ಉಳಿಸೋಕೆ ದೇಶ ತನ್ನ ತಲೆ ಬಗ್ಗಿಸ್ತು ಅಂತ ಚಹಾದಂಗಡಿಯಲ್ಲಿ ಯಾರೋ ಅವನ ಮುಖಕ್ಕೇ ಅಂದಿದ್ದರಂತೆ.

ಚಂಪಾವತಿ ಬಂದದ್ದು ಎಲ್ಲರೂ ಬರುವ ಬಸ್ಸಿನಲ್ಲೇ. ಒಂದು ಟ್ರಂಕು, ಒಂದು ಕೈಚೀಲ. ಫೋಟೋದಲ್ಲಿ ಎತ್ತರ ಕಾಣುತ್ತಿದ್ದ ಹೆಂಗಸು ನನ್ನ ಭುಜದವರೆಗೂ ಬರಲಿಲ್ಲ. ಮೆಟ್ಟಿಲು ಹತ್ತುವಾಗ ಎಡಗಾಲು ಊರಿ ಬಲಗಾಲನ್ನು ಎಳೆದುಕೊಳ್ಳುತ್ತಿದ್ದಳು. ನಾನು ಬೇಡವೆಂದರೂ ಟ್ರಂಕಿನ ಒಂದು ಹಿಡಿಯನ್ನು ಆಕೆಯೇ ಹಿಡಿದಳು. ನನ್ನ ಗಂಡ ಹಿತ್ತಲ ಬಾಗಿಲಿಂದ ಎದ್ದು ಹೋಗಿದ್ದರು.

ಮೊದಲ ದಿನದ ಊಟ ನಮ್ಮದೇ. ಸಾಕ್ಷಿಗೆ ನಿಂಗೋಜಿ ತಾತ ಬಂದು ಕೂತ. ಯಾರ ಮನೆಯಲ್ಲಿ ಉಣ್ಣಿಸಿದರೂ ಪ್ರಶ್ನೆಗೆ ಅವನೇ ಸಾಕ್ಷಿ, ಹಾಗಾಗಿ ಎಲ್ಲ ಮನೆಯ ಊಟವೂ ಅವನದೇ. ಮಾಜಿ ಪ್ರಧಾನಿ ಇದ್ದ ವರ್ಷವೆಲ್ಲ ಅವನು ಉಬ್ಬುತ್ತಿದ್ದ, ಇಲ್ಲದ ವರ್ಷ ಸೊರಗುತ್ತಿದ್ದ. ನನಗೆ ಕೈಕಾಲು ಆಡುತ್ತಿರಲಿಲ್ಲ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಸಾರು ಮಾಡಿದ್ದೆ. ಆಕೆ ಸದ್ದಿಲ್ಲದೆ ಉಂಡಳು. ನಾನೋ, ನನ್ನ ಪ್ರಶ್ನೆಯನ್ನು ವರ್ಷದ ಕೊನೆಗೆ ಯೋಚಿಸಿ ಕೇಳಬೇಕು ಅಂತ ಇಟ್ಟುಕೊಂಡಿದ್ದವಳು, ತಟ್ಟೆ ಎತ್ತುವಾಗ ಬಾಯಿ ತಪ್ಪಿ ಕೇಳಿಬಿಟ್ಟೆ: "ಅಡುಗೆ ಚೆನ್ನಾಗಿತ್ತಾ ಅಮ್ಮಾ?"

ತಾತ ಕೈ ಎತ್ತಿದ. "ಆಯ್ತು. ಸಾವಂತ್ರಿದು ಮುಗೀತು."

"ಅಯ್ಯೋ, ಅದಲ್ಲ ತಾತ!"

"ಉಣ್ಣಿಸಿದೆ, ಕೇಳಿದೆ. ಇನ್ನೇನು?"

ಚಂಪಾವತಿ ನನ್ನನ್ನೂ ತಾತನನ್ನೂ ನೋಡಿದಳು. ಆಮೇಲೆ, ತುಂಬ ಕಷ್ಟದ ಪ್ರಶ್ನೆಗೆ ಉತ್ತರ ಕೊಡುವವಳ ಹಾಗೆ ಹೇಳಿದಳು: "ಸಾರಿಗೆ ಉಪ್ಪು ಹೆಚ್ಚಾಗಿತ್ತು. ಎಣ್ಣೆಗಾಯಿ ಚೆನ್ನಾಗಿತ್ತು."

ಆ ಒಂದು ಮಾತಿಗೆ ನನಗೆ ಆಕೆಯ ಮೇಲೆ ನಂಬಿಕೆ ಬಂತು. ಮೂವತ್ತು ವರ್ಷದಲ್ಲಿ ನನ್ನ ಗಂಡನೂ ಉಪ್ಪಿನ ವಿಷಯ ಇಷ್ಟು ನೇರವಾಗಿ ಹೇಳಿರಲಿಲ್ಲ.

ಆಮೇಲೆ ಊರವರ ಕರೆಗಳು ಶುರುವಾದವು. ಆಕೆ ಕರೆದವರ ಮನೆಗೆ ನಡೆದುಕೊಂಡೇ ಹೋಗುತ್ತಿದ್ದಳು, ಸಂಜೆ ಬಂದು ನನ್ನ ಗಿರಣಿಯ ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಹೆಚ್ಚಿನವರು ಕೇಳುತ್ತಿದ್ದದ್ದು ಸಣ್ಣಪುಟ್ಟ ವಿಷಯ. ಸೀಮೆಎಣ್ಣೆ ಬೆಲೆ ಯಾಕೆ ಏರಿಸಿದಿರಿ, ನಮ್ಮ ಹಳ್ಳದ ಸೇತುವೆ ಯಾಕೆ ಅರ್ಧಕ್ಕೆ ನಿಂತಿತು. ಒಬ್ಬಳು, ಕೂದಲಿಗೆ ಬಣ್ಣ ಹಚ್ಚುತ್ತಿದ್ದಿರಾ ಅಂತ ಕೇಳಿದಳಂತೆ. "ಹಚ್ಚುತ್ತಿದ್ದೆ, ಸೋತ ದಿನ ಬಿಟ್ಟೆ" ಅಂದಳಂತೆ ಈಕೆ. ಊರು ನಕ್ಕಿತು. ಆ ಹೊತ್ತಿಗೆ ಊರಿಗೆ ಆಕೆಯ ಮೇಲೆ ಸ್ವಲ್ಪ ಮನಸ್ಸೂ ಬಂದಿತ್ತು.

ಆಮೇಲೆ ದಕ್ಷಿಣಾಮೂರ್ತಿ ಮೇಷ್ಟ್ರು ಕರೆದರು. ಹೋಳಿಗೆ ಊಟ. ಮೇಷ್ಟ್ರು ಆಕೆಯ ಪಕ್ಷಕ್ಕೇ ಓಟು ಹಾಕುತ್ತಾ ಬಂದವರು. ತಲೆ ಬಾಗಿದ್ದು ದೊಡ್ಡ ಗುಣ ಅಂತ ಊರಿನಲ್ಲಿ ವಾದ ಮಾಡುತ್ತಿದ್ದವರು ಅವರೊಬ್ಬರೇ. ಒಳ್ಳೆಯ ಉತ್ತರ ಬರುತ್ತದೆ, ಎಲ್ಲರ ಬಾಯಿ ಮುಚ್ಚುತ್ತದೆ ಅಂತ ಅಕ್ಕಪಕ್ಕದವರನ್ನೂ ಕೂರಿಸಿಕೊಂಡು ಕೇಳಿದರು: "ತಾಯಿ, ನೀವು ಹೋಗಿದ್ದು ಆ ನಾವಿಕರ ಪ್ರಾಣಕ್ಕಾಗಿಯೋ, ಇಲ್ಲ ಮುಂದೆ ಚುನಾವಣೆ ಇತ್ತು ಅಂತಲೋ? ನಿಮ್ಮ ಬಾಯಿಂದಲೇ ಇವರು ಕೇಳಲಿ."

ಚಂಪಾವತಿ ಹೇಳಿದ್ದು ನನಗೆ ತಾತನ ಬಾಯಿಂದ ತಿಳಿದದ್ದು. "ಮೊದಲು ಚುನಾವಣೆಗಾಗಿ. ಹೆಣಗಳು ಬಂದರೆ ನಾವು ಸೋಲುತ್ತೇವೆ, ಜನ ವಾಪಸು ಬಂದರೆ ಗೆದ್ದರೂ ಗೆಲ್ಲಬಹುದು ಅಂತ ನನ್ನ ಕಡೆಯವರು ಲೆಕ್ಕ ಹಾಕಿದರು, ನಾನು ಒಪ್ಪಿದೆ. ವಿಮಾನದಲ್ಲಿ ಕೂತ ಮೇಲೆ ಆ ಜನರ ವಿಷಯ ಮನಸ್ಸಿಗೆ ಬಂತು. ಆಮೇಲೆ ಅದನ್ನು ಬಿಟ್ಟು ಬೇರೇನೂ ಬರಲಿಲ್ಲ. ಆದರೆ ನೀವು ಕೇಳಿದ್ದು ನಾನು ಹೋಗಿದ್ದು ಯಾಕೆ ಅಂತ. ವಿಮಾನ ಹತ್ತಿದ್ದು ಚುನಾವಣೆಗೆ."

ಮೇಷ್ಟ್ರು ಎದ್ದು ಹೋಳಿಗೆ ತಟ್ಟೆಯನ್ನು ಒಳಗೆ ಒಯ್ದರಂತೆ. ಮಾರನೇ ದಿನದಿಂದ ಊರು ತಿರುಗಿತು. ಸುಳ್ಳು ಹೇಳಿದ್ದರೆ ಅವರು ಕ್ಷಮಿಸುತ್ತಿದ್ದರೋ ಏನೋ. ಓಟಿಗಾಗಿ ದೇಶದ ಮಾನ ಮಾರಿದವಳು ಅಂತ ಬಾಯಿಬಿಟ್ಟು ಅನ್ನತೊಡಗಿದರು.

ಮೆಹಬೂಬಿ ಕರೆದದ್ದು ಆ ಗಲಾಟೆಯ ಮಧ್ಯೆಯೇ. ನನ್ನನ್ನೂ ಜೊತೆಗಿರು ಅಕ್ಕಾ ಅಂತ ಕರೆದಿದ್ದಳು. ಇಸಾಕ ಒಳಕೋಣೆಯಲ್ಲಿದ್ದ, ಹೊರಗೆ ಬರಲಿಲ್ಲ. ಅವನ ನೆರಳು ಪರದೆಯ ಕೆಳಗೆ ಕಾಣುತ್ತಿತ್ತು. ಮಗನನ್ನು ಉಳಿಸಿಕೊಟ್ಟವಳಿಗೆ ಮೆಹಬೂಬಿ ಏನು ಕೇಳುತ್ತಾಳೆ ಅಂತ ನಾನೂ ಯೋಚಿಸುತ್ತಿದ್ದೆ. ಊಟ ಮುಗಿದು ಕೈ ತೊಳೆಯಲು ನೀರು ಹಾಕುತ್ತಾ ಅವಳು ಕೇಳಿದಳು: "ಅಲ್ಲಿ ನನ್ನ ಮಗನ್ನ ನೋಡಿದ್ರಾ ಅಮ್ಮಾ? ಹೆಂಗಿದ್ದ? ಅವನು ಏನೂ ಹೇಳಲ್ಲ. ಬಂದಾಗಿನಿಂದ ಒಂದು ಮಾತೂ ಹೇಳಿಲ್ಲ. ತಾಯಿ ನಾನು, ಏನಾಯ್ತು ಅಂತ ನನಗೆ ಗೊತ್ತೇ ಇಲ್ಲ."

ಚಂಪಾವತಿ ಕೈಯ ನೀರು ಕೊಡವಿದಳು. "ನೋಡಲಿಲ್ಲ ತಾಯಿ," ಅಂದಳು. "ನಮ್ಮನ್ನು ಅವರ ಹತ್ತಿರ ಬಿಡಲಿಲ್ಲ. ನಾನೂ ಹಟ ಮಾಡಿ ಕೇಳಲಿಲ್ಲ. ಬಗ್ಗಿ ಎದ್ದ ಮೇಲೆ ಎಷ್ಟು ಬೇಗ ವಾಪಸು ಹೋದರೆ ಸಾಕು ಅನ್ನಿಸಿತ್ತು."

ಮೆಹಬೂಬಿ ತಲೆಯಾಡಿಸಿದಳು. ಅಳಲಿಲ್ಲ. ಟವೆಲು ಕೊಟ್ಟಳು. ವಾಪಸು ಬಂದ ಚಂಪಾವತಿ ಗಿರಣಿಯ ಕಟ್ಟೆಗೆ ಹೋದಳು. ಅಲ್ಲಿ ಕೂತ ಮೇಲೆ ನನಗೆ, "ಸುಳ್ಳು ಹೇಳೋದು ನನಗೆ ಚೆನ್ನಾಗಿ ಬರುತ್ತೆ, ಸಾವಂತ್ರಮ್ಮ. ಚೆನ್ನಾಗಿದ್ದ, ನಿನ್ನನ್ನ ಕೇಳಿದ ಅಂತ ಹೇಳಬಹುದಿತ್ತು. ಇವತ್ತು ನಾಲಿಗೆ ತುದಿಗೆ ಬಂದಿತ್ತು" ಅಂದಳು.

"ಹೇಳಿದ್ದರೆ ಅವಳಿಗೆ ಸಮಾಧಾನ ಆಗ್ತಿತ್ತು" ಅಂದೆ.

"ಆಗ್ತಿತ್ತು. ಆಮೇಲೆ ಅವಳು ಮಗನ್ನ ಕೇಳ್ತಿದ್ದಳು. ಅವನು ನನ್ನ ಸುಳ್ಳನ್ನ ಕಾಯಬೇಕಾಗ್ತಿತ್ತು."

ಅಲ್ಲಿಂದ ಮುಂದೆ ಕರೆಯುವವರು ಕಡಿಮೆಯಾದರು. ಕೆಲವು ಹೆಂಗಸರು ಜೋಳ ಬೀಸಿಸಲು ಆಚೆ ಬೀದಿಯ ಗಿರಣಿಗೆ ಹೋಗತೊಡಗಿದರು. ಆಕೆ ಬೀದಿಗೆ ಬಂದರೆ ಹುಡುಗರು ದೂರದಿಂದ ಮಂಡಿಯೂರಿ ಹಣೆಯನ್ನು ಮಣ್ಣಿಗೆ ಹಚ್ಚಿ ಎದ್ದು ಓಡುತ್ತಿದ್ದರು. ದೊಡ್ಡವರು ಗದರುತ್ತಿರಲಿಲ್ಲ. ಆಕೆ ನೋಡಿಯೂ ನೋಡದವಳ ಹಾಗೆ ಬಲಗಾಲು ಎಳೆದುಕೊಂಡು ಹೋಗುತ್ತಿದ್ದಳು. ನನ್ನ ಗಂಡ ಇದನ್ನೆಲ್ಲ ನೋಡುತ್ತಿದ್ದರು. ಅವರಿಗೆ ಖುಷಿಯಾಗುತ್ತಿದೆ ಅಂತ ನಾನು ತಿಳಿದಿದ್ದೆ. ಇಷ್ಟು ದಿನವಾದರೂ ಆಕೆಯ ಜೊತೆ ಅವರು ಒಂದು ಮಾತಾಡಿರಲಿಲ್ಲ. ಆಕೆ ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಹಿತ್ತಲಿಗೆ ಹೋಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ಅವರು ರಾಗಿ ಹಿಟ್ಟಿನ ಚೀಲ ಹೊತ್ತು ಅಂಗಡಿಬೀದಿಗೆ ಹೋದರು. ಬೇಗ ವಾಪಸು ಬಂದರು. ಚೀಲ ಹೆಗಲ ಮೇಲೆಯೇ ಇತ್ತು. ಮುಖ ಬೂದಿಯ ಹಾಗಾಗಿತ್ತು. ಚೀಲ ಇಳಿಸಿ ಕಟ್ಟೆಯ ಮೇಲೆ ಕೂತರು.

"ಏನಾಯ್ತು ರೀ?"

"ಚಹಾದಂಗಡಿ ಹತ್ತಿರ ಆರೇಳು ಜನ ಕೂತಿದ್ದರು. ಪ್ರಧಾನಿ ಮನೆ ಯಜಮಾನರು ಬಂದರು ಅಂತ ಎದ್ದರು. ಎದ್ದು ಬಗ್ಗಿದರು. ಎಲ್ಲರೂ. ಮೂರು ಸಲ."

"ತಮಾಷೆಗೆ ಮಾಡಿರ್ತಾರೆ" ಅಂದೆ ನಾನು. "ಬಿಡಿ."

"ಹೌದು, ತಮಾಷೆಗೇ" ಅಂದರು. ಆಮೇಲೆ ಎದ್ದು ಕೈಚೀಲ ತೆಗೆದುಕೊಂಡು ಮೀನು ಮಾರುಕಟ್ಟೆಗೆ ಹೋದರು. ಬರುವಾಗ ಬಂಗುಡೆ, ಕೋಸು, ನಿಂಬೆಹಣ್ಣು, ಕೊತ್ತಂಬರಿ ತಂದಿದ್ದರು. ನನಗೆ ಏನೂ ಹೇಳದೆ ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕೂತರು. ಮಸಾಲೆ ಹುರಿಯುವ ವಾಸನೆ ಗಿರಣಿಯವರೆಗೂ ಬಂತು. ಅದು ಆರು ವರ್ಷದಿಂದ ನಮ್ಮ ಮನೆಯಲ್ಲಿ ಇಲ್ಲದ ವಾಸನೆ.

"ಮೇಲೆ ಹೋಗಿ ಆಕೆಯನ್ನ ಕರಿ" ಅಂದರು. "ತಾತನಿಗೂ ಹೇಳಿಕಳಿಸು."

ಮಧ್ಯಾಹ್ನ ನಾವು ಮೂವರು ಊಟಕ್ಕೆ ಕೂತೆವು. ನನ್ನ ಗಂಡ ಉಣ್ಣಲಿಲ್ಲ, ಬಡಿಸಿದರು. ಮೀನು ಸಾರು, ಕೋಸಿನ ಪಲ್ಯ, ಕುಸುಬಲಕ್ಕಿ ಅನ್ನ. ಚಂಪಾವತಿ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಎರಡನೇ ಸಲ ಅನ್ನ ಹಾಕಿಸಿಕೊಂಡಳು. ನಿಂಗೋಜಿ ತಾತ ತಾನು ಸಾಕ್ಷಿ ಅನ್ನುವುದನ್ನೇ ಮರೆತು ಮುಳ್ಳು ಚೀಪುತ್ತಿದ್ದ. ಉಂಡಾದ ಮೇಲೆ ನನ್ನ ಗಂಡ ಆಕೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು.

"ಪ್ರಶ್ನೆ ಕೇಳೋ ಮುಂಚೆ ಒಂದು ವಿಷಯ ಹೇಳ್ತೀನಿ" ಅಂದರು. "ನೀವು ಅಲ್ಲಿ ಬಗ್ಗಿದಾಗ ನಮ್ಮ ಹಡಗು ಇನ್ಯಾವುದೋ ದೇಶದ ಬಂದರಲ್ಲಿತ್ತು. ನಾನು ತರಕಾರಿ ತರೋಕೆ ಇಳಿದೆ. ಅಂಗಡಿಯವನು ನನ್ನ ಅಂಗಿ ಮೇಲಿನ ಬಾವುಟ ನೋಡಿದ. ಗೋಡೆ ಮೇಲೆ ನಿಮ್ಮ ಫೋಟೋ ಅಂಟಿಸಿದ್ದ, ಪತ್ರಿಕೆಯಿಂದ ಕತ್ತರಿಸಿ. ಅವನು ತಕ್ಕಡಿ ಬಿಟ್ಟು ಈಚೆ ಬಂದು ನನ್ನ ಮುಂದೆ ಮಂಡಿಯೂರಿದ. ಮೂರು ಸಲ ಬಗ್ಗಿದ. ಅಂಗಡಿ ತುಂಬ ಜನ. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು." ಇಷ್ಟು ನನಗೂ ಗೊತ್ತಿರಲಿಲ್ಲ. "ಈಗ ಕೇಳ್ತೀನಿ. ಆ ಜಮಖಾನದ ಮೇಲೆ ಬಗ್ಗುವಾಗ ನಮ್ಮ ವಿಷಯ ನಿಮ್ಮ ಮನಸ್ಸಿಗೆ ಬಂತಾ? ಹಡಗಲ್ಲಿ ಸಿಕ್ಕಿಬಿದ್ದೋರಲ್ಲ, ನಾವು. ದೇಶದ ಹೆಸರನ್ನ ಅಂಗಿ ಮೇಲೆ ಹಾಕ್ಕೊಂಡು ಪರದೇಶದ ಬೀದೀಲಿ ಓಡಾಡೋರು."

ಚಂಪಾವತಿ ಕೂಡಲೇ ಹೇಳಿದಳು. "ಇಲ್ಲ."

ತಾತ ತಟ್ಟೆ ಪಕ್ಕಕ್ಕೆ ಸರಿಸಿದ.

"ಬಗ್ಗುವಾಗ ನನ್ನ ಮಂಡಿನೋವು ಬಿಟ್ಟು ಏನೂ ನೆನಪಿರಲಿಲ್ಲ. ಏಳೋಕಾಗದೆ ಅಲ್ಲೇ ಬಿದ್ದರೆ ಏನು ಗತಿ ಅಂತಿದ್ದೆ. ಅದಕ್ಕೆ ಮುಂಚೆ ಎಲ್ಲ ಯೋಚನೆ ಮಾಡಿದ್ವಿ. ಯಾವ ದೇಶ ಏನನ್ನುತ್ತೆ, ವ್ಯಾಪಾರ ಏನಾಗುತ್ತೆ, ಯಾವ ರಾಯಭಾರಿ ಮುಖ ತಿರುಗಿಸ್ತಾನೆ. ದೇಶದ ಮರ್ಯಾದೆ ಅಂದರೆ ಇಷ್ಟೇ ಅಂತ ನಾವು ತಿಳಿದಿದ್ದು. ತರಕಾರಿ ಅಂಗಡಿಗೆ ಹೋಗೋನಿಗೆ ಏನಾಗುತ್ತೆ ಅಂತ ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ." ಆಮೇಲೆ, "ಇದು ಗೊತ್ತಿದ್ದರೆ ಹೋಗುತ್ತಿರಲಿಲ್ಲ ಅಂತ ಹೇಳಿದರೆ ನಿಮಗೆ ಸಮಾಧಾನ ಆಗಬಹುದು. ಆದರೆ ಹೋಗುತ್ತಿದ್ದೆ" ಅಂದಳು.

ನನ್ನ ಗಂಡ ಏಳುತ್ತಾರೆ ಅಂದುಕೊಂಡೆ. ಏಳಲಿಲ್ಲ. ಚಂಪಾವತಿ ಅವರ ಮುಖವನ್ನೇ ನೋಡುತ್ತಾ ಕೇಳಿದಳು: "ಆಮೇಲೆ ನೀವೇನು ಮಾಡಿದಿರಿ?"

"ಏ, ಹಂಗಿಲ್ಲಮ್ಮ" ಅಂದ ನಿಂಗೋಜಿ ತಾತ. "ಉಂಡವರು ಕೇಳೋ ಹಂಗಿಲ್ಲ. ಊರಿಗೆ ಊರೇ ಒಪ್ಪಿದ ಕಟ್ಟಳೆ ಇದು."

"ಇರಲಿ ತಾತ" ಅಂದರು ನನ್ನ ಗಂಡ. ಹೊರಗೆ ಯಾರೋ ಗಿರಣಿ ಬಾಗಿಲು ತಟ್ಟಿ, ಯಾರೂ ಬರದ್ದು ನೋಡಿ ಹೋದರು.

"ಅಂಗಡಿಯವನು ಹೇಳಿದ, ನೀನೂ ಬಗ್ಗು, ತರಕಾರಿ ತೂಗ್ತೀನಿ ಅಂತ. ಹಡಗು ಸಂಜೆಗೆ ಹೊರಡೋದಿತ್ತು. ಬೇರೆ ಅಂಗಡಿಗೆ ಹೋಗೋಕೆ ಹೊತ್ತಿರಲಿಲ್ಲ. ಎಷ್ಟೋ ದಿನದಿಂದ ಬೇಳೆ ಒಣಮೀನು ಬಿಟ್ಟು ಬೇರೇನೂ ಹಾಕಿರಲಿಲ್ಲ ನಾನು. ಹಡಗಿನ ಕೂಲಿ, ಒಬ್ಬ ಖಲಾಸಿಗೆ ಒಸಡಲ್ಲಿ ರಕ್ತ ಬರ್ತಿತ್ತು. ಅದಕ್ಕೆ ಔಷಧ ಅಂತ ನಿಂಬೆಹಣ್ಣು ಬೇಕೇ ಬೇಕಿತ್ತು." ಅವರ ಧ್ವನಿ ಇಳಿಯಿತು. "ಬಗ್ಗಿದೆ. ಮೂರು ಸಲ. ನೆಲದ ಮೇಲೆ ಈರುಳ್ಳಿ ಸಿಪ್ಪೆ ಇತ್ತು, ಹಣೆಗೆ ಅಂಟಿತು. ಅವರು ನಕ್ಕಾಗ ನಾನೂ ನಕ್ಕೆ. ಅವರಿಗಿಂತ ಜೋರಾಗಿ ನಕ್ಕೆ. ಅವನು ಎರಡು ನಿಂಬೆಹಣ್ಣು ಹೆಚ್ಚಿಗೆ ಹಾಕಿದ. ರಾತ್ರಿ ಎಲ್ಲರೂ ಕೋಸಿನ ಪಲ್ಯ ಉಂಡರು, ಭರಮಣ್ಣನ ಕೈಗೆ ಬಂಗಾರದ ಬಳೆ ಹಾಕಬೇಕು ಅಂದರು. ಮುಂದಿನ ಬಂದರಲ್ಲಿ ಇಳಿದು ಮನೆಗೆ ಬಂದುಬಿಟ್ಟೆ."

"ಖಲಾಸಿಗಾಗಿ ಬಗ್ಗಿದ್ದಲ್ವಾ ಮತ್ತೆ?" ಅಂದೆ ನಾನು. ತಡೆಯಲಾಗಲಿಲ್ಲ.

ಅವರು ನನ್ನ ಕಡೆ ತಿರುಗಿದರು. "ಹಂಗಂತ ಹೇಳ್ಕೋಬಹುದು ಸಾವಂತ್ರಿ. ಬರಿಗೈಲಿ ಹೋದರೆ ಕಪ್ತಾನ ಬೈತಾನೆ ಅಂತ ಭಯವೂ ಇತ್ತು. ಅಷ್ಟು ಜನರ ಮಧ್ಯದಿಂದ ಹೇಗಾದರೂ ಆಚೆ ಹೋದರೆ ಸಾಕು ಅಂತಲೂ ಇತ್ತು. ಯಾವುದು ಮೊದಲು ಬಂತು ಅಂತ ಹೇಳೋಕೆ ನನಗೆ ಬರಲ್ಲ."

ಅಷ್ಟು ಹೇಳಿ ಅವರು ಆಕೆಯ ಕಡೆ ನೋಡಿದರು. ತಾವು ಹೇಳಿದ್ದು ತಮಗೇ ಆಗ ಕೇಳಿಸಿದ ಹಾಗೆ. ನೋಡಿದಿರಾ, ನೀವೂ ನನ್ನ ಹಾಗೇ ಅಂತ ಚಂಪಾವತಿ ಒಂದು ಮಾತು ಆಡಿದ್ದರೂ ನನ್ನ ಗಂಡ ಆಕೆಯನ್ನು ಎಂದೂ ಕ್ಷಮಿಸುತ್ತಿರಲಿಲ್ಲ, ನನಗೆ ಗೊತ್ತು. ಆಕೆ ಉಂಡ ತಟ್ಟೆಯನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಪಾತ್ರೆ ಉಜ್ಜುವ ಸದ್ದು ಕೇಳಿತು. ನಿಂಗೋಜಿ ತಾತ ಗಂಟಲು ಸರಿಮಾಡಿಕೊಂಡು, "ಕಟ್ಟಳೆ ಮುರೀತು" ಅಂದ. ಆಮೇಲೆ, "ನನಗೇನೂ ಕೇಳಿಸಲಿಲ್ಲ ಬಿಡು" ಅಂದು ಟವೆಲು ಕೊಡವಿಕೊಂಡು ಹೋದ.

ಚಂಪಾವತಿ ನಮ್ಮ ಮನೆಯಲ್ಲಿ ವರ್ಷ ತುಂಬುವವರೆಗೂ ಇದ್ದಳು. ಊರೇನೂ ಪೂರ್ತಿ ಬದಲಾಗಲಿಲ್ಲ. ಕರೆದವರು ಕರೆದರು, ಕರೆಯದವರು ಕರೆಯಲಿಲ್ಲ. ಮೇಷ್ಟ್ರು ಮತ್ತೆ ಎಂದೂ ಅವಳ ಪರವಾಗಿ ವಾದ ಮಾಡಲಿಲ್ಲ, ಆದರೆ ಹುಡುಗರು ಬೀದಿಯಲ್ಲಿ ಬಗ್ಗಿದರೆ ಕೋಲು ಹಿಡಿದು ಓಡಿಸುತ್ತಿದ್ದರು. ನನ್ನ ಗಂಡ ಆಕೆಯ ಜೊತೆ ಹೆಚ್ಚು ಮಾತಾಡಿದ್ದನ್ನು ನಾನು ಕಾಣೆ; ಆಕೆ ಮೆಟ್ಟಿಲಿಳಿದರೆ ಎದ್ದು ಹೋಗುವುದನ್ನು ಮಾತ್ರ ಬಿಟ್ಟರು. ವರ್ಷ ಮುಗಿದ ದಿನ ಆಕೆ ಬಂದಂತೆಯೇ ಬಸ್ಸಿನಲ್ಲಿ ಹೋದಳು. ಈಗಲೂ ಜೋಳ ಬೀಸಿಸಲು ಬಂದವರು ನನ್ನನ್ನು ಕೇಳುತ್ತಾರೆ, ವರ್ಷವಿಡೀ ಜೊತೆಗಿದ್ದೆಯಲ್ಲ, ಒಳ್ಳೆಯವಳೋ ಕೆಟ್ಟವಳೋ ಹೇಳು ಅಂತ. ದಿನಾ ಬೆಳಿಗ್ಗೆ ಎದ್ದು ತನ್ನ ಹಾಸಿಗೆ ತಾನೇ ಸುತ್ತುತ್ತಿದ್ದಳು, ಸುತ್ತುವಾಗ ಸರ್ಕಾರದಲ್ಲಿ ಈಗಿರುವವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು, ಇಷ್ಟು ನನಗೆ ಗೊತ್ತು ಅನ್ನುತ್ತೇನೆ. ಅವರಿಗೆ ಅದು ಸಾಲದು.

ನಾನು ಹೇಳಬೇಕೆಂದಿರುವುದು ನನ್ನ ಗಂಡ ಅಡುಗೆ ಮಾಡಿದ ದಿನದ ಸಂಜೆಯ ಸಂಗತಿ. ದೀಪ ಹಚ್ಚುವ ಹೊತ್ತಿಗೆ ನನ್ನ ಗಂಡ ಮೀನು ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಒಬ್ಬರಿಗಾಗುವಷ್ಟಿತ್ತು. ಒಂದು ಬೋಗುಣಿಗೆ ಅನ್ನ, ಇನ್ನೊಂದಕ್ಕೆ ಸಾರು ಹಾಕಿದರು. "ಬಾ" ಅಂದರು ನನಗೆ. ಎಲ್ಲಿಗೆ ಅಂತ ಕೇಳದೆ ಹಿಂದೆ ಹೋದೆ. ಅವರು ಮೆಹಬೂಬಿಯ ಮನೆಯ ಹೊಸ್ತಿಲ ಮುಂದೆ ನಿಂತರು. ಚಪ್ಪಲಿ ಬಿಟ್ಟು ಮತ್ತೆ ಹಾಕಿಕೊಂಡರು, ಮತ್ತೆ ಬಿಟ್ಟರು.

ಬಾಗಿಲು ತೆಗೆದ ಮೆಹಬೂಬಿ ಅವರನ್ನು ನೋಡಿ ಸೆರಗು ಎಳೆದುಕೊಂಡಳು.

"ಇಸಾಕ ಇದ್ದಾನಾ?"

ಅವನು ಒಳಗಿಂದ ಬಂದ. ಗಡ್ಡ ಬೆಳೆದಿತ್ತು, ಭುಜ ಬಾಗಿತ್ತು. ಮದುವೆಯ ವಯಸ್ಸಿನ ಹುಡುಗ ಮುದುಕನ ಹಾಗೆ ಕಂಡ ನನಗೆ. ನನ್ನ ಗಂಡನನ್ನು ನೋಡಿ ಗೋಡೆಗೆ ಒತ್ತಿಕೊಂಡು ನಿಂತ. "ಕಾಕಾ" ಅಂತ ಕೂಡ ಅನ್ನಲಿಲ್ಲ. ಅಂದು ಅಂದು ಸೋತಿದ್ದನಲ್ಲ.

"ಉಂಡ್ಯಾ?" ಅಂದರು ನನ್ನ ಗಂಡ.

ಅವನು ಇಲ್ಲ ಅಂತ ತಲೆಯಾಡಿಸಿದ.

ನನ್ನ ಗಂಡ ಬೋಗುಣಿಗಳನ್ನು ನೆಲದ ಮೇಲಿಟ್ಟು ಪಕ್ಕದಲ್ಲೇ ಕೂತರು. ಮೆಹಬೂಬಿ ತಟ್ಟೆ ತಂದಿಟ್ಟಳು, ಅವನೂ ಕೂತ. ಮೊದಲ ತುತ್ತು ಕಲೆಸಿದ. ಉಂಡ. ತಲೆ ಎತ್ತದೆ, "ಹುಣಸೆ ಜಾಸ್ತಿ ಆಗಿದೆ" ಅಂದ.

"ಕೈ ತಪ್ಪಿದೆ. ಒಲೆ ಮುಟ್ಟಿ ಆರು ವರ್ಷ ಆಯ್ತು."

ಇಸಾಕ ಆಗ ತಲೆ ಎತ್ತಿ ಅವರನ್ನು ನೋಡಿದ. ನಾನೂ ಮೆಹಬೂಬಿಯೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ನನ್ನ ಗಂಡ, ಅಡುಗೆಯವನು ಅಡುಗೆಯವನನ್ನು ಕೇಳುವ ಹಾಗೆ ಕೇಳಿದರು:

"ಅಲ್ಲಿ ಊಟಕ್ಕೆ ಏನು ಕೊಡ್ತಿದ್ದರು?"

ದೇಶಕ್ಕೆ ದೇಶವೇ ಆರು ವರ್ಷದಿಂದ ಆ ಹಡಗಿನ ವಿಷಯ ಮಾತಾಡಿತ್ತು. ಇಸಾಕನನ್ನು ಯಾರೂ ಇದನ್ನು ಕೇಳಿರಲಿಲ್ಲ.

"ಗಂಜಿ" ಅಂದ. "ಬಾರ್ಲಿ ಗಂಜಿ, ಕಾಕಾ. ಉಪ್ಪಿಲ್ಲದ್ದು. ಬೆಳಿಗ್ಗೆ ಒಂದು ಸಲ. ಒಂದು ವಾರ ಆದ ಮೇಲೆ ನಾನು ಕಾವಲಿನವನಿಗೆ ಸನ್ನೆ ಮಾಡಿ ಹೇಳಿದೆ, ನಾನು ಅಡುಗೆಯವನು, ನನ್ನನ್ನ ಒಲೆ ಹತ್ತಿರ ಬಿಡಿ ಅಂತ. ಅವನು ಮೊದಲು ಹೊಡೆದ. ಆಮೇಲೆ..."

"ಆಮೇಲೆ?"

ಅವನು ಹೇಳತೊಡಗಿದ. ಮೆಹಬೂಬಿ ಸದ್ದಾಗದ ಹಾಗೆ ಬಾಗಿಲ ಪಕ್ಕ ನೆಲದ ಮೇಲೆ ಕೂತಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ನಾನೂ ಅವಳ ಪಕ್ಕದಲ್ಲಿ ಕೂತೆ. ಸಾರು ಆರುತ್ತಿತ್ತು. ಉಣ್ಣು, ಉಣ್ಣುತ್ತಾ ಹೇಳು, ಅವಸರ ಏನಿಲ್ಲ ಅಂತ ನನ್ನ ಗಂಡ ಅವನ ತಟ್ಟೆಗೆ ಮೀನಿನ ನಡುವಿನ ತುಂಡನ್ನು ಹಾಕಿದರು.